ಸಣ್ಣ ಲ್ಯಾಪ್‌ಟಾಪಿನ ಜೊತೆ ನಾಲ್ಕು ಮಳೆಗಾಲ

ಹೋದ ತಿಂಗಳು ತಮ್ಮನ ಮಗಳು ಫೋನ್ ಮಾಡಿದ್ದಳು. "ಅತ್ತೆ, ನಿಮ್ಮ ಹತ್ರ ಇರೋ ಥರದ್ದೇ ಸಣ್ಣ ಲ್ಯಾಪ್‌ಟಾಪ್ ಒಂದು ನೋಡಿದೀನಿ. ಇಪ್ಪತ್ತು ಸಾವಿರದ ಒಳಗೇ ಇದೆ. ತಗೊಂಡು ಬಿಡ್ಲಾ?" ಅಂತ ಕೇಳಿದಳು. ಅವಳು ಬಿ.ಕಾಂ. ಎರಡನೇ ವರ್ಷ. ಕಾಲೇಜಿನಲ್ಲಿ ಟ್ಯಾಲಿ ಇದೆ, ಎಕ್ಸೆಲ್ ಇದೆ, ಸಂಜೆ ಆನ್‌ಲೈನ್ ಕ್ಲಾಸೂ ಇದೆ. ನನಗೆ ತಕ್ಷಣ ಹೂಂ ಅನ್ನಲು ಬಾಯಿ ಬರಲಿಲ್ಲ. ಬೇಡ ಅನ್ನಲೂ ಮನಸ್ಸಾಗಲಿಲ್ಲ. ನಾಲ್ಕು ವರ್ಷದಿಂದ ನನ್ನ ಕೈಹಿಡಿದು ನಡೆಸಿರುವುದು ಅಂಥದ್ದೇ ಒಂದು ಲ್ಯಾಪ್‌ಟಾಪ್. ಅದನ್ನು ಚೆನ್ನಾಗಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವಳಿಗೂ ಅದೇ ಸರಿ ಅಂದರೆ ಅದೂ ಸುಳ್ಳೇ. "ಎರಡು ದಿನ ತಡಿ ಪುಟ್ಟಿ, ಯೋಚನೆ ಮಾಡಿ ಹೇಳ್ತೀನಿ" ಅಂದೆ. ಆ ಎರಡು ದಿನ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಬೇಕು. ಯಾಕಂದ್ರೆ ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ. ನಾನು ಪುಸ್ತಕಗಳ ಕರಡು ತಿದ್ದುತ್ತೇನೆ. ಆಗಾಗ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದವನ್ನೂ ಮಾಡುತ್ತೇನೆ. ಊರು ಸಾಗರದ ಹತ್ತಿರದ ಹಳ್ಳಿ. ಪ್ರಕಾಶಕರು ಬೆಂಗಳೂರಲ್ಲೋ ಮೈಸೂರಲ್ಲೋ ಧಾರವಾಡದಲ್ಲೋ ಇರುತ್ತಾರೆ. ಅವರು ಫೈಲ್ ಕಳಿಸುತ್ತಾರೆ, ನಾನು ತಿದ್ದಿ ವಾಪಸ್ ಕಳಿಸುತ್ತೇನೆ. ಮೊದಲು ತಮ್ಮನ ಹಳೆಯ ಡೆಸ್ಕ್‌ಟಾಪ್ ಇತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಗುತ್ತಿತ್ತು. ಆಮೇಲೆ ಕರೆಂಟಿಗಾಗಿ ಕಾಯುತ್ತಾ ಕೂರಬೇಕಿತ್ತು. ಮಲೆನಾಡಿನ ಜುಲೈ ಅಂದರೆ ಗೊತ್ತಲ್ವಾ, ಒಂದು ಮರ ತಂತಿ ಮೇಲೆ ಬಿದ್ದರೆ ಎರಡು ದಿನ ಕತ್ತಲೆ.

2021ರ ನವೆಂಬರ್‌ನಲ್ಲಿ ಈ ಲ್ಯಾಪ್‌ಟಾಪ್ ತಗೊಂಡೆ. 22 ಸಾವಿರ ಚಿಲ್ಲರೆ ಆಯಿತು. 11.6 ಇಂಚಿನ ಪರದೆ, ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ತೂಕ ಒಂದು ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ. ಒಂದು ಚೀಲದಲ್ಲಿ ಊಟದ ಡಬ್ಬಿ, ಕೊಡೆ, ಕರಡಿನ ಕಟ್ಟು, ಇದು, ಎಲ್ಲ ಹಿಡಿಸುತ್ತದೆ. ಅಂಗಡಿಯವರು ದೊಡ್ಡದು ತಗೊಳ್ಳಿ ಅಂತ ಬಹಳ ಹೇಳಿದರು. ನನ್ನ ಹತ್ತಿರ ಇದ್ದ ದುಡ್ಡು ಅಷ್ಟೇ. ಎರಡು ಪುಸ್ತಕದ ಅನುವಾದದ ಹಣ ಅದು.

ಇದರ ಒಳ್ಳೆಯ ಗುಣ ಯಾವುದು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆಸ್ಪತ್ರೆಯ ಹನ್ನೊಂದು ದಿನ. 2023ರಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್. ಜೊತೆಗಿರಲು ನಾನೊಬ್ಬಳೇ. ಅದೇ ಹೊತ್ತಿಗೆ ಒಬ್ಬ ಹಿರಿಯರ ಆತ್ಮಕಥೆಯ ಕರಡು ನನ್ನ ಕೈಯಲ್ಲಿತ್ತು. ಅವರಿಗೆ ಎಂಬತ್ತು ತುಂಬುವ ದಿನಕ್ಕೆ ಪುಸ್ತಕ ಬರಬೇಕಿತ್ತು. ಆಗಲ್ಲ ಅಂತ ಹೇಳಿಬಿಡೋಣ ಅಂತ ಫೋನ್ ಕೈಗೆತ್ತಿಕೊಂಡಿದ್ದೆ. ಆಮೇಲೆ, ಒಂದು ರಾತ್ರಿ ನೋಡೋಣ ಅನ್ನಿಸಿತು.

ವಾರ್ಡಿನಲ್ಲಿ ಎರಡು ಮಂಚಕ್ಕೆ ಒಂದು ಪ್ಲಗ್ ಪಾಯಿಂಟ್. ಹಗಲೆಲ್ಲ ಅದರಲ್ಲಿ ಯಾರದೋ ಫೋನ್ ಚಾರ್ಜಿಗೆ ಇರುತ್ತಿತ್ತು. ರಾತ್ರಿ ಹನ್ನೊಂದರ ಮೇಲೆ ಅದು ಖಾಲಿ. ಆಗ ಇದನ್ನು ಚಾರ್ಜಿಗೆ ಹಾಕಿ ಬೆಳಗಿನವರೆಗೆ ಬಿಟ್ಟರೆ ಮರುದಿನಕ್ಕೆ ಸಾಕಾಗುತ್ತಿತ್ತು. ಅಮ್ಮ ನಿದ್ದೆ ಹೋದಾಗ ಸ್ಟೂಲಿನ ಮೇಲೆ ಕೂತು, ಮಂಚದ ಅಂಚಿಗೆ ಇದನ್ನು ಇಟ್ಟುಕೊಂಡು ತಿದ್ದುತ್ತಿದ್ದೆ. ಇದರಲ್ಲಿ ಫ್ಯಾನ್ ಇಲ್ಲ. ಹಾಗಾಗಿ ಸದ್ದೇ ಇಲ್ಲ. ಪಕ್ಕದ ಮಂಚದ ಅಜ್ಜಿಗೆ ಸಣ್ಣ ಸದ್ದಿಗೂ ಎಚ್ಚರವಾಗುತ್ತಿತ್ತು. ಅವರೇ ಒಂದು ದಿನ "ನೀನು ರಾತ್ರಿಯೆಲ್ಲ ಓದ್ತಿದ್ದೆಯಂತೆ, ನಂಗೆ ಗೊತ್ತೇ ಆಗ್ಲಿಲ್ಲ ಮಗಾ" ಅಂದರು. ಹನ್ನೊಂದು ದಿನದಲ್ಲಿ 180 ಪುಟ ಮುಗಿಯಿತು. ಪುಸ್ತಕ ಹೇಳಿದ ದಿನಕ್ಕೆ ಬಂತು. ಹದಿನೈದೂವರೆ ಇಂಚಿನ ದೊಡ್ಡ ಲ್ಯಾಪ್‌ಟಾಪ್ ಆಗಿದ್ದರೆ ಆ ಸ್ಟೂಲು, ಆ ಮಂಚದ ಅಂಚು, ಆ ಇಕ್ಕಟ್ಟಿನಲ್ಲಿ ಅದನ್ನು ಬಿಡಿಸಿ ಇಡಲು ಜಾಗವೇ ಇರುತ್ತಿರಲಿಲ್ಲ.

ಫ್ಯಾನ್ ಇಲ್ಲದಿರುವುದಕ್ಕೆ ಕಾರಣ ಇದೆ. ಎನ್4020 ಅನ್ನೋದು 6 ವ್ಯಾಟ್ ಲೆಕ್ಕಕ್ಕೆ ಮಾಡಿದ ಚಿಪ್. ಎರಡೇ ಕೋರ್. ಅಷ್ಟು ಕಡಿಮೆ ಶಾಖವನ್ನು ಒಂದು ಲೋಹದ ತಗಡು ಹೀರಿಕೊಂಡರೆ ಸಾಕು. ಕಡಿಮೆ ಕರೆಂಟು ತಿನ್ನುವುದರಿಂದ ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ 38 ವ್ಯಾಟ್-ಅವರ್. ಬರೀ ಬರೆಯುವ ಓದುವ ಕೆಲಸಕ್ಕೆ ಇಡೀ ಯಂತ್ರ ಗಂಟೆಗೆ ಸುಮಾರು 6 ವ್ಯಾಟ್-ಅವರ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ಭಾಗಿಸಿದರೆ ಆರು ಗಂಟೆಯ ಮೇಲೆ ಸ್ವಲ್ಪ. ಹೊಸದರಲ್ಲಿ ಅಷ್ಟೇ ಬರುತ್ತಿತ್ತು. ಮರ ಬಿದ್ದು ಎರಡು ದಿನ ಕತ್ತಲಾದಾಗ ಪಕ್ಕದ ಮನೆಯ ಸೋಲಾರ್ ಇನ್ವರ್ಟರಿನಿಂದ ಎರಡು ಗಂಟೆ ಚಾರ್ಜ್ ಮಾಡಿಸಿಕೊಂಡು ಬಂದರೆ ಆ ದಿನದ ಕೆಲಸ ನಡೆದುಹೋಗುತ್ತಿತ್ತು. ಡೆಸ್ಕ್‌ಟಾಪನ್ನು ಹಾಗೆ ಹೊತ್ತುಕೊಂಡು ಹೋಗಲಾಗುತ್ತದೆಯೇ?

ಇನ್ನೊಂದು ಗುಣವನ್ನು ಯಾರೂ ಹೇಳುವುದಿಲ್ಲ. ಇದನ್ನು ಹೊರಗೆ ಒಯ್ಯಲು ಭಯವಿಲ್ಲ. ತಾಳಗುಪ್ಪದಿಂದ ಬರುವ ರೈಲಿನಲ್ಲಿ, ಶಿವಮೊಗ್ಗದ ಬಸ್ಸಿನಲ್ಲಿ, ಅಡಿಕೆ ಸುಲಿಯುವ ಚಪ್ಪರದ ಮೂಲೆಯಲ್ಲಿ, ಎಲ್ಲ ಕಡೆ ತೆಗೆದು ಕೂತಿದ್ದೇನೆ. ತಮ್ಮನಿಗೆ ಕಂಪನಿಯವರು ಕೊಟ್ಟ ಲ್ಯಾಪ್‌ಟಾಪ್ ಲಕ್ಷದ ಹತ್ತಿರದ್ದು. ಅವನು ಊರಿಗೆ ಬಂದರೆ ಅದನ್ನು ಚೀಲದಿಂದ ಹೊರಗೇ ತೆಗೆಯುವುದಿಲ್ಲ. ಮಕ್ಕಳು ಎಳೆದಾವು, ಕಾಫಿ ಚೆಲ್ಲೀತು, ಇರುವೆ ಹೊಕ್ಕೀತು ಅಂತ. ನನ್ನದು ಅಡುಗೆಮನೆ ಕಟ್ಟೆಯ ಮೇಲೂ ಇರುತ್ತದೆ. ಬೆಲೆ ಕಡಿಮೆಯಾದ್ದರಿಂದ ಅದು ಬಳಕೆಗೆ ಸಿಗುತ್ತದೆ. ಬಳಕೆಗೆ ಸಿಗುವುದರಿಂದ ಕೆಲಸ ಆಗುತ್ತದೆ.

ಜಾಗದ ವಿಷಯಕ್ಕೆ ಬರುತ್ತೇನೆ. 64 ಜಿಬಿ ಅಂದರೆ ಏನೂ ಸಾಲದು ಅಂತ ಎಲ್ಲರೂ ಹೇಳುತ್ತಾರೆ. ಫೋಟೋ, ವಿಡಿಯೋ ಇಡುವವರಿಗೆ ಖಂಡಿತ ಸಾಲದು. ಆದರೆ ಕನ್ನಡದ ಲೆಕ್ಕ ನೋಡಿ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. "ಕನ್ನಡ" ಅನ್ನುವ ಪದ ಕಂಪ್ಯೂಟರಿಗೆ ಐದು ಚಿಹ್ನೆ: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಅಲ್ಲಿಗೆ 15 ಬೈಟ್. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್ ಸಾಕು, ನಮಗೆ ಮೂರು ಪಟ್ಟು. ಹಾಗಿದ್ದೂ ಮುನ್ನೂರು ಪುಟದ ಒಂದು ಕಾದಂಬರಿಯ ಬರಹ ಹೆಚ್ಚು ಕಡಿಮೆ 2 ಎಂಬಿಯಲ್ಲಿ ಮುಗಿಯುತ್ತದೆ. ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ! ನಾಲ್ಕು ವರ್ಷದಲ್ಲಿ ನಾನು ತಿದ್ದಿದ್ದು, ಬರೆದದ್ದು, ಅನುವಾದ ಮಾಡಿದ್ದು ಎಲ್ಲ ಸೇರಿಸಿದರೂ ಒಂದು ಜಿಬಿ ಆಗಿಲ್ಲ. ಈ ಲೆಕ್ಕ ಗೊತ್ತಾದ ದಿನ ನನಗೆ ನಿಜವಾಗಿ ಖುಷಿಯಾಗಿತ್ತು. ಬರೆಯುವವರಿಗೆ ಇಷ್ಟು ಸಣ್ಣ ಯಂತ್ರದಲ್ಲೂ ಒಂದು ಇಡೀ ಜನ್ಮದ ಬರಹ ಇಡುವಷ್ಟು ಜಾಗ ಇದೆ.

ಜಾಗವನ್ನು ನುಂಗುವುದು ಬರಹ ಅಲ್ಲ, ಮಿಕ್ಕಿದ್ದು. 64 ಅಂತ ಬರೆದಿದ್ದರೂ ಒಳಗೆ ಕಾಣುವುದು 58 ಚಿಲ್ಲರೆ. ಜೊತೆಗೆ ಬಂದಿದ್ದ ಆಪರೇಟಿಂಗ್ ಸಿಸ್ಟಂ ಅದರಲ್ಲಿ ಅರ್ಧದಷ್ಟನ್ನು ತಾನೇ ಇಟ್ಟುಕೊಂಡಿತ್ತು. ತಗೊಂಡ ಎರಡನೇ ತಿಂಗಳಲ್ಲೇ ಒಂದು ದೊಡ್ಡ ಅಪ್‌ಡೇಟ್ ಬಂತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕರಡು ಪ್ರೆಸ್ಸಿಗೆ ಹೋಗಬೇಕು. ಹಿಂದಿನ ರಾತ್ರಿ ಇದು ಜಾಗ ಸಾಲದು ಅಂತ ಹೇಳಿ, ಅರ್ಧ ಇಳಿಸಿಕೊಂಡ ಅಪ್‌ಡೇಟನ್ನು ಬಿಡಲೂ ಆಗದೆ ಮುಗಿಸಲೂ ಆಗದೆ ಗಂಟೆಗಟ್ಟಲೆ ತಿರುಗುತ್ತಾ ಕೂತಿತು. ಫೈಲ್ ಅದರೊಳಗೆ ಇತ್ತು. ಆ ರಾತ್ರಿ ನಾನು ಅತ್ತಿದ್ದೇನೆ. ಎರಡು ಗಂಟೆಗೆ ಅದು ಮತ್ತೆ ಎದ್ದಿತು, ಫೈಲ್ ಸಿಕ್ಕಿತು. ಅವತ್ತಿನಿಂದ ದಿನಾ ಸಂಜೆ ಕೆಲಸ ಮುಗಿದ ಮೇಲೆ ಪೆನ್‌ಡ್ರೈವಿಗೆ ಒಂದು ನಕಲು ಹಾಕುತ್ತೇನೆ. ದೀಪ ಹಚ್ಚುವ ಹಾಗೆ ಅದೂ ಒಂದು ನೇಮ ಆಗಿಬಿಟ್ಟಿದೆ.

ಆಮೇಲೆ ತಮ್ಮನ ಸ್ನೇಹಿತರೊಬ್ಬರು ಅದನ್ನು ತೆಗೆದು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟರು. ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ. ಸುಮ್ನೆ ಆನ್ ಮಾಡಿ ಇಟ್ಟರೆ 1 ಜಿಬಿಗಿಂತ ಕಡಿಮೆ ರ‍್ಯಾಮ್ ಬಳಸುತ್ತದೆ. ಉಳಿದ ಮೂರು ನನ್ನ ಕೆಲಸಕ್ಕೆ. ಲಿಬ್ರೆಆಫೀಸಿನಲ್ಲಿ ಕರಡು, ಪಕ್ಕದಲ್ಲಿ ಒಂದು ಪಿಡಿಎಫ್, ಬ್ರೌಸರಿನಲ್ಲಿ ನಿಘಂಟು ಮತ್ತು ಇಮೇಲ್. ಇಷ್ಟು ಆರಾಮಾಗಿ ನಡೆಯುತ್ತದೆ. ಬ್ರೌಸರಿನಲ್ಲಿ ಏಳನೆಯದೋ ಎಂಟನೆಯದೋ ಕಿಟಕಿ ತೆರೆದರೆ ಏದುಸಿರು ಶುರು. ನಾಲ್ಕು ವರ್ಷದಲ್ಲಿ ನನಗೆ ಒಂದು ಅಭ್ಯಾಸ ಆಗಿದೆ: ಒಂದು ತೆರೆಯಬೇಕಾದರೆ ಒಂದು ಮುಚ್ಚುವುದು. ಇದರಿಂದ ಗಮನ ಚೆದುರುವುದು ಕಡಿಮೆಯಾಯಿತು ಅಂತ ಅನೇಕರು ಹೇಳುತ್ತಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಅನುವಾದ ಮಾಡುವಾಗ ಹತ್ತು ಕಡೆ ನೋಡಬೇಕಾಗುತ್ತದೆ. ಒಂದು ಗಿಡದ ಹೆಸರಿಗೆ ನಮ್ಮಲ್ಲಿ ಏನಂತಾರೆ ಅಂತ ಹುಡುಕಲು ನಾಲ್ಕು ಪುಟ ತೆರೆದಿರಲೇಬೇಕು. ಆಗ ಅದು ಕೊರತೆಯೇ, ಅದರಲ್ಲಿ ಗುಣ ಹುಡುಕುವುದು ಬೇಡ.

ಕನ್ನಡ ಟೈಪ್ ಮಾಡುವವರು ಕೊಳ್ಳುವ ಮೊದಲು ಕೀಲಿಮಣೆಯನ್ನು ಒಂದು ಸಲ ಮುಟ್ಟಿ ನೋಡಬೇಕು. ಸಣ್ಣ ಲ್ಯಾಪ್‌ಟಾಪಿನಲ್ಲಿ ನಡುವಿನ ಅಕ್ಷರಗಳ ಕೀಲಿ ಸಾಮಾನ್ಯವಾಗಿ ಹೆಚ್ಚು ಕಡಿಮೆ ಪೂರ್ತಿ ಅಳತೆಯಲ್ಲೇ ಇರುತ್ತವೆ. ಜಾಗ ಉಳಿಸಲು ಕುಗ್ಗಿಸುವುದು ಬಲಗಡೆಯ ಅಂಚಿನವನ್ನು: ಆವರಣ ಚಿಹ್ನೆ, ಸೆಮಿಕೋಲನ್, ಉದ್ಧರಣ ಚಿಹ್ನೆ ಇರುವವು. ಇಂಗ್ಲಿಷಿನವರಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಟೈಪ್ ಮಾಡುವ ಕನ್ನಡದವರಿಗೆ ಮಾತ್ರ ಅಲ್ಲೇ ಚ, ಟ, ಡ ಕೂತಿವೆ. ಮಾಡು, ಬಿಡು, ನೋಡು, ಎಲ್ಲದಕ್ಕೂ ಕಿರುಬೆರಳು ಆ ಕುಗ್ಗಿದ ಕೀಲಿಗೆ ಹೋಗಬೇಕು. ನನ್ನ ಪರಿಚಯದ ಒಬ್ಬ ಡಿಟಿಪಿ ಆಪರೇಟರ್ ಇಂಥ ಲ್ಯಾಪ್‌ಟಾಪ್ ತಗೊಂಡು ಒಂದೇ ತಿಂಗಳಲ್ಲಿ ಹೊರಗಿನ ಕೀಲಿಮಣೆ ಸಿಕ್ಕಿಸಿಕೊಂಡರು. ನಾನು ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸ. ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ, ಲಿನಕ್ಸಿನಲ್ಲೂ ಕೆಜಿಪಿ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಅದರಲ್ಲಿ ಇಡೀ ಕನ್ನಡ ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಕೀಲಿಗಳಲ್ಲೇ ಮುಗಿಯುತ್ತದೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಿದರೆ ಆಯಿತು. ಅಷ್ಟು ಕಡಿಮೆ ಕೀಲಿಗಳಲ್ಲಿ ಇಷ್ಟು ದೊಡ್ಡ ಅಕ್ಷರಮಾಲೆಯನ್ನು ಕೂರಿಸಿದ ಆ ಹಿರಿಯರನ್ನು ಈ ಸಣ್ಣ ಕೀಲಿಮಣೆ ಮುಟ್ಟಿದಾಗಲೆಲ್ಲ ನೆನೆಯುತ್ತೇನೆ.

ಪರದೆಯ ಮಾತು ಬೇರೆ. ಇದು 1366 ಅಡ್ಡ, 768 ಉದ್ದ ಚುಕ್ಕಿಗಳ ಪರದೆ. ಅಗ್ಗದ ದೊಡ್ಡ ಲ್ಯಾಪ್‌ಟಾಪುಗಳಲ್ಲೂ ಅಷ್ಟೇ ಚುಕ್ಕಿ ಇರುತ್ತಿದ್ದವು. ಅಷ್ಟೇ ಚುಕ್ಕಿಗಳು ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಕೂತಿರುವುದರಿಂದ ಇದರಲ್ಲಿ ಅಕ್ಷರ ಚೊಕ್ಕವಾಗಿಯೇ ಕಾಣುತ್ತದೆ, ಸಣ್ಣದಾಗಿ ಕಾಣುತ್ತದೆ ಅಷ್ಟೇ. ಆದರೆ ಎತ್ತರ ಸಾಲದು. ಮೇಲೆ ಮೆನು, ಕೆಳಗೆ ಪಟ್ಟಿ ಎಲ್ಲ ಕಳೆದರೆ ಬರಹಕ್ಕೆ ಉಳಿಯುವುದು ಅಂಗೈ ಅಗಲ. ಅದರಲ್ಲೂ ಕನ್ನಡದ ಸಾಲು ಇಂಗ್ಲಿಷ್ ಸಾಲಿನಷ್ಟು ತೆಳ್ಳಗಿಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವು ಕಡೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಲೇಬೇಕು. ಹಾಗಾಗಿ ಇಂಗ್ಲಿಷಿನ ಇಪ್ಪತ್ತು ಸಾಲು ಕಾಣುವ ಕಡೆ ನಮಗೆ ಹದಿಮೂರೋ ಹದಿನಾಲ್ಕೋ. ಒಂದು ಪ್ಯಾರಾದ ಮೊದಲು ಮತ್ತು ಕೊನೆ ಒಟ್ಟಿಗೆ ಕಾಣುವುದಿಲ್ಲ. ಕರಡು ತಿದ್ದುವವರಿಗೆ ಇದು ಸಣ್ಣ ಮಾತಲ್ಲ.

ಇನ್ನು ದ ಮತ್ತು ಧ. ಎರಡಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಪುಟ್ಟ ಗೀಟು. ಪ-ಫ, ಬ-ಭ, ಡ-ಢ ಎಲ್ಲದರದ್ದೂ ಅದೇ ಕಥೆ. ಅಕ್ಷರವನ್ನು ನೂರು ಶೇಕಡಾ ಅಳತೆಯಲ್ಲಿ ಇಟ್ಟುಕೊಂಡು ಓದಿದಾಗ ಆ ಗೀಟು ಕಣ್ಣಿಗೆ ಸಿಗದೆ ಹೋಗಬಹುದು. ಒಂದು ಕವನ ಸಂಕಲನದಲ್ಲಿ "ಅರ್ಧ" ಅನ್ನುವುದು "ಅರ್ದ" ಆಗಿಯೇ ಅಚ್ಚಾಗಿ ಹೋಯಿತು, ಅದೂ ಶೀರ್ಷಿಕೆಯಲ್ಲಿ. ಕವಿ ಏನೂ ಅನ್ನಲಿಲ್ಲ. ನನಗೆ ಮಾತ್ರ ಇಂದಿಗೂ ಆ ಪುಸ್ತಕ ಕಂಡರೆ ಮನಸ್ಸು ಹಿಂಡಿದಂತಾಗುತ್ತದೆ. ಆಮೇಲೆ ಕೊನೆಯ ಕರಡನ್ನು 150 ಶೇಕಡಾಗೆ ಹಿಗ್ಗಿಸಿಯೇ ಓದುತ್ತೇನೆ. ಸಾಲು ಇನ್ನೂ ಕಡಿಮೆ ಕಾಣುತ್ತವೆ, ಹೊತ್ತು ಜಾಸ್ತಿ ಹಿಡಿಯುತ್ತದೆ. ವರ್ಷಕ್ಕೆ ಎರಡು ದೊಡ್ಡ ಪುಸ್ತಕವಾದರೂ ಈ ಕಾರಣಕ್ಕೆ ನನ್ನ ಕೈತಪ್ಪಿರಬಹುದು.

ವಿಡಿಯೋ ಮೀಟಿಂಗ್ ಇದರಲ್ಲಿ ಬೇಡ. ಫೋನಿನಲ್ಲಿ ಮಾಡುತ್ತೇನೆ. ಕ್ಯಾಮೆರಾ ಮಂಜು, ಸ್ಪೀಕರ್ ಮೆಲ್ಲಗೆ. ಏಪ್ರಿಲ್ ಸೆಕೆಯಲ್ಲಿ ಮಧ್ಯಾಹ್ನ ಇನ್ನೂ ನಿಧಾನ, ಯಾಕಂದ್ರೆ ಫ್ಯಾನ್ ಇಲ್ಲದ ಚಿಪ್ ಬಿಸಿಯಾದರೆ ತನ್ನ ವೇಗವನ್ನೇ ತಗ್ಗಿಸಿಕೊಳ್ಳುತ್ತದೆ.

ಇವೆಲ್ಲ ಸಹಿಸಬಹುದಾದವು. ನನಗೆ ನಿಜವಾಗಿ ನೋವಾದದ್ದು ಬೇರೆ ವಿಷಯ. ಕೊಂಡ ಮರುವರ್ಷ ಸಾಗರದಲ್ಲಿ ರಿಪೇರಿ ಮಾಡುವ ಹುಡುಗನ ಹತ್ತಿರ ಹೋಗಿ, ಇದಕ್ಕೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಕೊಡು ಅಂದೆ. ಹಣ ಕೂಡಿಟ್ಟಿದ್ದೆ. ಅವನು ಹಿಂದಿನ ಮುಚ್ಚಳ ಬಿಚ್ಚಿ, ನನ್ನನ್ನು ಹತ್ತಿರ ಕರೆದು ತೋರಿಸಿದ. "ನೋಡಿ ಅಕ್ಕಾ, ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದಾರೆ. ಡಿಸ್ಕೂ ಅಷ್ಟೇ. ಸ್ಲಾಟೇ ಇಲ್ಲ. ಇದನ್ನ ಯಾರೂ ಏನೂ ಮಾಡೋಕಾಗಲ್ಲ." ಇದರಲ್ಲಿ ಇರುವುದು ಇಎಂಎಂಸಿ ಅನ್ನುವ ಬಗೆಯ ಸಂಗ್ರಹ. ಅಗ್ಗದ ಫೋನಿನಲ್ಲಿ ಇರುವಂಥದ್ದು. ಒಂದು ಸಣ್ಣ ಚಿಪ್, ಮದರ್‌ಬೋರ್ಡಿಗೆ ಅಂಟಿಕೊಂಡೇ ಇರುತ್ತದೆ. ಬರೆದು ಅಳಿಸಿ ಬರೆದು ಅಳಿಸಿ ಅದು ಒಂದು ದಿನ ಸವೆದರೆ ಬೋರ್ಡೇ ಬದಲಿಸಬೇಕು. ಬೋರ್ಡಿನ ಬೆಲೆಗೆ ಹೊಸ ಲ್ಯಾಪ್‌ಟಾಪೇ ಬರುತ್ತದೆ ಅಂತ ಆಮೇಲೆ ಎಲ್ಲರೂ ಹೇಳುತ್ತಾರೆ.

ಹಿಂದೆ ಹೀಗಿರಲಿಲ್ಲ. 2007ರಲ್ಲಿ ಏಸುಸ್ ಕಂಪನಿ "ಈ ಪಿಸಿ 701" (Eee PC) ಅನ್ನುವ 7 ಇಂಚಿನ ಪುಟ್ಟ ಲ್ಯಾಪ್‌ಟಾಪ್ ತಂದಾಗ ನೆಟ್‌ಬುಕ್ ಅನ್ನುವ ಒಂದು ಜಾತಿಯೇ ಹುಟ್ಟಿತು. 512 ಎಂಬಿ ರ‍್ಯಾಮ್, 4 ಜಿಬಿ ಜಾಗ, ಒಳಗೆ ಲಿನಕ್ಸ್. ಅದರ ಹಿಂದೆಯೇ ಬಂದ ಅನೇಕ ನೆಟ್‌ಬುಕ್‌ಗಳಲ್ಲಿ ಬೆನ್ನಿಗೆ ಒಂದು ಸಣ್ಣ ಮುಚ್ಚಳ ಇರುತ್ತಿತ್ತು. ಒಂದೆರಡು ಸ್ಕ್ರೂ ತೆಗೆದರೆ ರ‍್ಯಾಮ್ ಬದಲಿಸಬಹುದಿತ್ತು. ಬ್ಯಾಟರಿಯಂತೂ ಕೊಂಡಿ ಸರಿಸಿದರೆ ಕೈಗೇ ಬರುತ್ತಿತ್ತು. ಅವೂ ಅಗ್ಗದವೇ, ಸಣ್ಣವೇ. ಅಂದ ಮೇಲೆ ಅಗ್ಗ ಮಾಡಬೇಕಾದರೆ ಬೆಸುಗೆ ಹಾಕಲೇಬೇಕು ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲೇ ಈ ಕನಸು ಕಂಡವರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 2001ರಲ್ಲಿ ಸಿಂಪ್ಯೂಟರ್ ತೋರಿಸಿದರು. ಅಂಗೈಯಲ್ಲಿ ಹಿಡಿಯುವ ಯಂತ್ರ, ಲ್ಯಾಪ್‌ಟಾಪ್ ಅಲ್ಲ. ಆದರೆ ಅದರ ಹಿಂದಿನ ಯೋಚನೆ ನನಗೆ ಇಂದಿಗೂ ಇಷ್ಟ. ಒಬ್ಬೊಬ್ಬರಿಗೆ ಒಂದು ಕೊಳ್ಳಲಾಗದ ಹಳ್ಳಿಯಲ್ಲಿ ಸ್ಮಾರ್ಟ್ ಕಾರ್ಡ್ ಹಾಕಿ ಹಲವರು ಒಂದನ್ನೇ ಬಳಸಲಿ, ಓದಲು ಬಾರದವರಿಗೆ ಅದು ಅವರ ಭಾಷೆಯಲ್ಲೇ ಓದಿ ಹೇಳಲಿ ಅಂತ. ಎಣಿಸಿದಷ್ಟು ಜನರ ಕೈಗೆ ಅದು ಹೋಗಲಿಲ್ಲ. 2011ರಲ್ಲಿ ಕೇಂದ್ರ ಸರ್ಕಾರದ ಆಕಾಶ್ ಟ್ಯಾಬ್ಲೆಟ್ ಬಂತು, ಅದೂ ಮರೆಯಾಯಿತು. 2023ರ ಜುಲೈನಲ್ಲಿ ಜಿಯೋ ಕಂಪನಿಯ ಸಣ್ಣ ಲ್ಯಾಪ್‌ಟಾಪ್ ಜಿಯೋಬುಕ್‌ನ ಹೊಸ ಮಾದರಿ 16,499 ರೂಪಾಯಿಗೆ ಬಂತು: 990 ಗ್ರಾಂ ತೂಕ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ನಾನು 2021ರಲ್ಲಿ ಕೊಂಡದ್ದರಲ್ಲಿ ಇದ್ದ ಅಂಕಿಗಳೇ ಅವು. ವಿಂಡೋಸ್ 11 ನಡೆಯಲು ಬೇಕಾದ ಕನಿಷ್ಠವೂ 4 ಮತ್ತು 64. ಕನಿಷ್ಠ ಅಂದರೆ ಅಲ್ಲಿಂದ ಕೆಳಗೆ ನಡೆಯುವುದೇ ಇಲ್ಲ ಅಂತ. ಕೊಳ್ಳುವ ದಿನವೇ ಕನಿಷ್ಠದಲ್ಲಿ ನಿಂತಿರುವ ಯಂತ್ರಕ್ಕೆ ಮುಂದೆ ಏನನ್ನೂ ಸೇರಿಸಲಾಗದು ಅಂದರೆ ಅದು ವರ್ಷವರ್ಷಕ್ಕೂ ಹಿಂದೆ ಬೀಳುತ್ತಾ ಹೋಗಲೇಬೇಕು.

ಇಂಥದ್ದನ್ನು ಕೊಳ್ಳುವವರು ಯಾರು? ದುಡ್ಡಿದ್ದವರಲ್ಲ. ಹಾಲು ಡೇರಿಗೆ ಹಾಕಿ ಉಳಿಸಿದವರು, ಸಂಘದಲ್ಲಿ ಸಾಲ ತೆಗೆದವರು, ಮಗಳ ಕಾಲೇಜಿಗೆ ಅಂತ ಅಡಿಕೆ ಮಾರಿದ ದುಡ್ಡಲ್ಲಿ ಒಂದು ಪಾಲು ತೆಗೆದಿಟ್ಟವರು. ಲಕ್ಷದ ಲ್ಯಾಪ್‌ಟಾಪ್ ಕೊಂಡವರಿಗೆ ಅದು ಏಳೆಂಟು ವರ್ಷ ಬರುತ್ತದೆ. ಇವರಿಗೆ ಮೂರು ನಾಲ್ಕು ವರ್ಷಕ್ಕೆ ಮತ್ತೆ 20 ಸಾವಿರ ಹೊಂದಿಸುವ ಚಿಂತೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ಅದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಬರೆದು ತೋರಿಸಬೇಕು. ನಮ್ಮಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿನ ಒಂದು ಪೋರ್ಟಲ್ ತೆರೆದಿದೆ. ಒಳ್ಳೆಯದೇ. ಆದರೆ ನನಗೆ ಬೇಕಾದದ್ದು ಪೆಟ್ಟಿಗೆಯ ಮೇಲೆ ಒಂದೇ ಒಂದು ಸಾಲು, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ: ಇದರ ರ‍್ಯಾಮ್ ಮತ್ತು ಡಿಸ್ಕ್ ಬದಲಿಸಲು ಬರುವುದಿಲ್ಲ. ಅದು ಗೊತ್ತಿದ್ದೂ ಕೊಂಡಿದ್ದರೆ ನಾನು ಬೇಸರ ಪಡುತ್ತಿರಲಿಲ್ಲ.

ತಮ್ಮನ ಮಗಳ ವಿಷಯಕ್ಕೆ ಬರುತ್ತೇನೆ. ಎರಡು ದಿನ ಬಿಟ್ಟು ಫೋನ್ ಮಾಡಿ ಸಣ್ಣದು ಬೇಡ ಅಂದೆ. ಎಕ್ಸೆಲ್ ಶೀಟಿನ ಕಾಲಮ್ಮುಗಳು ಆ ಪರದೆಯಲ್ಲಿ ಅರ್ಧವೂ ಕಾಣುವುದಿಲ್ಲ. ಆನ್‌ಲೈನ್ ಕ್ಲಾಸ್ ತೆರೆದಿಟ್ಟುಕೊಂಡು ಟ್ಯಾಲಿ ಮಾಡಲು ಹೋದರೆ ಎರಡು ಕೋರಿನ ಚಿಪ್ ಸೋಲುತ್ತದೆ. ಅವಳ ಮುಂದೆ ಇನ್ನೂ ಎಂ.ಕಾಂ. ಇರಬಹುದು, ಕೆಲಸ ಇರಬಹುದು. ಅವಳ ಯಂತ್ರ ಅವಳ ಜೊತೆ ಬೆಳೆಯಬೇಕು. "ಮತ್ತೆ ದುಡ್ಡು ಅಷ್ಟೇ ಇರೋದು ಅತ್ತೆ" ಅಂದಳು. ನಾನು ಪ್ರಕಾಶಕರ ಕೆಲಸಕ್ಕೆ ಬೆಂಗಳೂರಿಗೆ ಹೋಗುವುದಿತ್ತು. ಅವಳನ್ನೂ ತುಮಕೂರಿನಿಂದ ಬರಹೇಳಿದೆ. ಇಬ್ಬರೂ ಎಸ್.ಪಿ. ರಸ್ತೆಗೆ ಹೋದೆವು.

ಟೌನ್‌ಹಾಲ್ ಹತ್ತಿರದ ಆ ಇಕ್ಕಟ್ಟಿನ ರಸ್ತೆಯಲ್ಲಿ, ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಸಾಲಾಗಿ ಮಾರಾಟಕ್ಕೆ ಇರುತ್ತವೆ. ನಾವು ನೋಡಿದ್ದು ಕೆಲವೇ ವಿಷಯ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮೇಲಿನದು ಇರಬೇಕು. ಅದಕ್ಕಿಂತ ಹಳೆಯದನ್ನು, ಬೆರಳೆಣಿಕೆಯಷ್ಟು ಬಿಟ್ಟರೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಆದ್ದರಿಂದ ಆರು, ಏಳನೇ ತಲೆಮಾರಿನವು ಈಗ ಅಗ್ಗಕ್ಕೆ ಸಿಕ್ಕರೆ ಆಸೆ ಪಡಬಾರದು. ಬ್ಯಾಟರಿ ವರದಿ ತೆಗೆಸಿ, ಹೊಸದರಲ್ಲಿ ಎಷ್ಟಿತ್ತು ಈಗ ಎಷ್ಟು ಹಿಡಿಯುತ್ತಿದೆ ಅಂತ ನೋಡಿದೆವು. ಕೀಲಿಗಳನ್ನೆಲ್ಲ ಒಂದೊಂದಾಗಿ ಒತ್ತಿದೆವು. ಪರದೆಯ ಕೀಲನ್ನು ಹತ್ತು ಸಲ ತೆರೆದು ಮುಚ್ಚಿದೆವು. ಕೊನೆಗೆ, ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿ ಅಂತ ಕೇಳಿದೆ. ಅಂಗಡಿಯವರು ಬೇಸರ ಮಾಡದೆ ಬಿಚ್ಚಿದರು. 8 ಜಿಬಿ ರ‍್ಯಾಮ್ ಒಂದು ಸ್ಲಾಟಿನಲ್ಲಿ ಕೂತಿತ್ತು. ಪಕ್ಕದಲ್ಲಿ ಇನ್ನೊಂದು ಸ್ಲಾಟ್ ಖಾಲಿ. ಅದನ್ನು ಕಂಡು ನನಗೆ ಆದ ಸಂತೋಷ ಅವಳಿಗೆ ಅರ್ಥವಾಗಿರಲಿಕ್ಕಿಲ್ಲ. ಬಿಲ್ಲು, ಆರು ತಿಂಗಳ ವಾರಂಟಿ ಎಲ್ಲ ಸೇರಿ 19,500 ಆಯಿತು. ತೂಕ ನನ್ನದಕ್ಕಿಂತ ಅರ್ಧ ಕೆಜಿ ಜಾಸ್ತಿ, ಹೊರಗೆ ಎರಡು ಗೀರು.

ನಿಮ್ಮದನ್ನು ಮಾರಿ ನೀವೂ ಇಂಥದ್ದೇ ತಗೊಳ್ಳಿ ಅಂತ ಅವಳು ದಾರಿಯುದ್ದಕ್ಕೂ ಹೇಳಿದಳು. ನನಗೆ ಬೇಡ ಅನ್ನಿಸಿತು. ಪರದೆಯ ತೊಂದರೆಗೆ ಮನೆಯಲ್ಲಿ ಒಂದು ಹಳೆಯ ಮಾನಿಟರ್ ತಂದಿಟ್ಟಿದ್ದೇನೆ. ಕೊನೆಯ ಕರಡನ್ನು ಈಗ ಅದರಲ್ಲೇ ಓದುತ್ತೇನೆ, ಸಣ್ಣದನ್ನು ಒಂದು ತಂತಿಯಲ್ಲಿ ಅದಕ್ಕೆ ಸಿಕ್ಕಿಸಿದರೆ ಸಾಕು. ಬಸ್ಸಿಗೆ, ರೈಲಿಗೆ, ಕರೆಂಟಿಲ್ಲದ ರಾತ್ರಿಗೆ ನನಗೆ ಇದೇ ಬೇಕು.

ಆದರೆ ಬ್ಯಾಟರಿ ಸೋತಿದೆ. ಆರು ಗಂಟೆ ಬರುತ್ತಿದ್ದುದು ಈಗ ಎರಡೂವರೆಗೆ ಇಳಿದಿದೆ. ಹೋದ ಶನಿವಾರ ಸಾಗರಕ್ಕೆ ಹೋಗಿ ಅದೇ ಹುಡುಗನ ಮುಂದೆ ಇಟ್ಟೆ. ಅವನು ಮತ್ತೆ ಮುಚ್ಚಳ ಬಿಚ್ಚಿದ. ಬ್ಯಾಟರಿಯನ್ನು ಹಿಡಿದಿದ್ದ ನಾಲ್ಕು ಸ್ಕ್ರೂ ತೋರಿಸಿ, "ಇದೊಂದು ಮಾತ್ರ ಬಿಚ್ಚೋಕೆ ಬರುತ್ತೆ ಅಕ್ಕಾ, ತರಿಸಲಾ?" ಅಂದ. 2,600 ರೂಪಾಯಿ. ಹಣ ಕೊಟ್ಟು ಬಂದಿದ್ದೇನೆ. ಬರಲು ಹತ್ತು ದಿನ ಆಗುತ್ತದಂತೆ.